ನನ್ನ ಎದೆನೋವು, ಅವರ ರಕ್ತ

ಒಬ್ಬರ ನೋವು ಇನ್ನೊಬ್ಬರ ಮೈಗೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಕ್ಕು ಎದ್ದುಹೋಗುತ್ತಿದ್ದೆ. ಈಗಲೂ ನಂಬುತ್ತೇನೆ ಎನ್ನಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ, ನಿಮಗೆ ತೋಚಿದಂತೆ ತಿಳಿದುಕೊಳ್ಳಿ.

ಈ ಶತಮಾನದ ಮೊದಮೊದಲ ವರ್ಷಗಳು. ನಾನು ಗುಜರಾತಿನಲ್ಲಿ, ಸೂರತ್ತಿನ ಹತ್ತಿರದ ಹಜೀರಾದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ರಜೆಯ ದಿನ ಊಟ ಸೂರತ್ತಿನ ರಘುರಾಮಣ್ಣನ ಹೋಟೆಲಿನಲ್ಲಿ. ಕುಂದಾಪುರದ ಕಡೆಯವರು, ಬಾಯಿ ತುಂಬ ಮಾತು. ಒಂದು ಭಾನುವಾರ ಅನ್ನ ಕಲಸುತ್ತಿದ್ದಾಗ ಎದೆಯ ಮೇಲೆ ಯಾರೋ ರುಬ್ಬುವ ಕಲ್ಲು ಇಟ್ಟಂತಾಯಿತು. ಎಡತೋಳು ಸೆಳೆಯಿತು. ನಾನು "ಸತ್ತೆ, ಸತ್ತೆ" ಎಂದು ಕೂಗಿದೆನಂತೆ. ಮಧ್ಯಾಹ್ನದ ನೂಕುನುಗ್ಗಲು, ಆದರೂ ರಘುರಾಮಣ್ಣ ಗಲ್ಲಾ ಬಿಟ್ಟು ಬಂದು ನನ್ನನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದರು.

ಇಸಿಜಿ ಸರಿಯಿತ್ತು. ರಕ್ತವೂ ಸರಿಯಿತ್ತು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಅದರೊಳಗಿನ ಕಿಣ್ವ ರಕ್ತಕ್ಕೆ ಸೋರುತ್ತದೆ, ಅದು ಕಾಣಿಸಲು ಕೆಲವು ಗಂಟೆ ಬೇಕು, ಸಂಜೆ ಮತ್ತೆ ರಕ್ತ ತೆಗೆದು ನೋಡೋಣ ಎಂದರು ಡಾಕ್ಟರು. ನಿಜವಾದ ರೋಗಿಗಳು ಸುತ್ತ ಸದ್ದಿಲ್ಲದೆ ಮಲಗಿದ್ದರು. ಏನೂ ಇಲ್ಲದ ನಾನು ನರಳುತ್ತಿದ್ದೆ. ನಾಚಿಕೆಯಾಗಿ ಚಾದರವನ್ನು ಮುಖಕ್ಕೆ ಎಳೆದುಕೊಂಡೆ.

ಸಂಜೆ ಸೂಜಿ ಕಂಡದ್ದೇ ಕೈ ಹಿಂದಕ್ಕೆಳೆದೆ.

"ಎಂತ ಮಾರಾಯ, ಮದುವೆ ವಯಸ್ಸಿನ ಗಂಡು ಸೂಜಿಗೆ ಹೆದರುದಾ? ನೋಡು, ಮೊದ್ಲು ನಂಗೇ ಚುಚ್ಚಲಿ," ಎಂದು ರಘುರಾಮಣ್ಣ ತಮ್ಮ ತೋಳು ಚಾಚಿದರು. ರಕ್ತ ತೆಗೆಯುವವನು ನಗುತ್ತಲೇ ಚುಚ್ಚಿದ. ಸೂಜಿ ಅವರ ತೋಳಿಗೆ ಇಳಿದ ಕ್ಷಣ ನನ್ನ ಎದೆಯ ಕಲ್ಲು ಎತ್ತಿಟ್ಟಂತೆ ಹಗುರಾಯಿತು.

ಅವರ ರಕ್ತವನ್ನು ಅವನು ಎಸೆಯಹೊರಟಾಗ ರಘುರಾಮಣ್ಣ ತಡೆದರು. "ಚೆಲ್ಲುದಾ? ನಮ್ಮ ಹೋಟೆಲಲ್ಲಿ ತೆಗೆದದ್ದನ್ನು ಚೆಲ್ಲುವ ಕ್ರಮ ಇಲ್ಲ," ಎಂದು ನನಗೆ ಹೇಳಿ, ತಮ್ಮ ಹೋಟೆಲ್ ಹಿಂದಿಯಲ್ಲಿ ಅವನನ್ನು ಒಪ್ಪಿಸಿ ಅದನ್ನೂ ಪರೀಕ್ಷೆಗೆ ಕಳಿಸಿದರು.

ನನ್ನದು ಮತ್ತೆ ಸರಿಯಿತ್ತು. ಅವರದರಲ್ಲಿ ಆ ಕಿಣ್ವ ಬಹಳ ಏರಿತ್ತು. ಸೀಸೆ ಅದಲುಬದಲಾಗಿರಬೇಕೆಂದು ಡಾಕ್ಟರು ಇಬ್ಬರದೂ ಹೊಸದಾಗಿ ತೆಗೆಸಿದರು. ಅದೇ ಉತ್ತರ. ನಾನು ಇಳಿದ ಮಂಚದ ಮೇಲೆ ರಘುರಾಮಣ್ಣನನ್ನು ಮಲಗಿಸಿದರು. "ನಂಗೆ ಎಂತದೂ ಇಲ್ಲ, ಹೋಟೆಲಲ್ಲಿ ದೋಸೆ ಹಿಟ್ಟು ಕಾಯ್ತಾ ಉಂಟು," ಎಂದು ಅವರು ಹೇಳುತ್ತಲೇ ಇದ್ದರು.

"ಅವರಿಗೆ ಹಳೆಯ ಸಕ್ಕರೆ ಕಾಯಿಲೆ ಇದೆ, ಭಾಯಿ. ಅಂಥವರಿಗೆ ಹೃದಯಾಘಾತವಾದರೂ ಒಮ್ಮೊಮ್ಮೆ ನೋವು ತಿಳಿಯುವುದಿಲ್ಲ," ಎಂದರು ಡಾಕ್ಟರು. ಮತ್ತೆ ನನಗೇಕೆ ಬಂತು ಎಂದು ಕೇಳಿದೆ. ಅವರು ನನ್ನ ವರದಿಯನ್ನು ಇನ್ನೊಮ್ಮೆ ತಿರುವಿ ನೋಡಿದರು.

ರಘುರಾಮಣ್ಣನ ಹೆಂಡತಿ ಗಿರಿಜಕ್ಕ ಓಡಿಬಂದವರು ಎಲ್ಲರೆದುರು ನನ್ನ ಎರಡೂ ಕೈ ಹಿಡಿದುಕೊಂಡರು. "ನಮ್ಮವರ ನೋವು ನೀವು ತಕ್ಕೊಂಡ್ರಿ." ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಯಾರದನ್ನೂ ಹೊತ್ತವನಲ್ಲ. ನನ್ನ ಜೀವ ಹೋಗುತ್ತದೆಂದು ಊರು ಕೇಳುವಂತೆ ಅರಚಿದವನು. ಹಾಗೆಂದು ಹೇಳಿದರೆ ಅವರು ಅದನ್ನು ವಿನಯ ಎಂದುಕೊಂಡರು. ನಾಚಿಕೆ ಇಮ್ಮಡಿಯಾಯಿತು.

ರಘುರಾಮಣ್ಣ ಉಳಿದರು. ಹೋಟೆಲಿಗೂ ಮರಳಿದರು. ಆಮೇಲೆ ನಾನು ಹೋದಾಗಲೆಲ್ಲ ಎಲೆ ಹಾಕುವ ಮೊದಲು ಬಗ್ಗಿ, ತಮಾಷೆಯ ಸುಳಿವೇ ಇಲ್ಲದೆ ಕೇಳುತ್ತಿದ್ದರು: "ಇವತ್ತು ನಂಗೆ ಹೇಗೆ ಉಂಟು?"

ನಾನು ತಲೆ ತಗ್ಗಿಸುತ್ತಿದ್ದೆ. ಆದರೆ "ಚೆನ್ನಾಗಿದೆ" ಎನ್ನುವ ಮೊದಲು, ಯಾರಿಗೂ ಕಾಣದಂತೆ, ಎದೆಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.