ಚೆಲುವಯ್ಯ ಕಾರಿನ ಹಲ್ಲು ನೋಡಿದ್ದು

ಕೈಲಾಂಚದ ಚೆಲುವಯ್ಯ ಮೂವತ್ತು ವರ್ಷ ದನದ ದಲ್ಲಾಳಿಯಾಗಿದ್ದವನು. ಎತ್ತಿನ ಬಾಯಿ ಬಿಡಿಸಿ ನೋಡಿದರೆ ಸಾಕು, ಅದರ ವಯಸ್ಸು, ಗುಣ, ಅದನ್ನು ಸಾಕಿದವನ ಜಿಪುಣತನ ಎಲ್ಲವನ್ನೂ ಹೇಳಿಬಿಡುತ್ತಿದ್ದ. ಬಿಡದಿ ಕಡೆಯಿಂದ ಕಾರ್ಖಾನೆಗಳು ಹಬ್ಬಿಕೊಂಡು ಬಂದವು, ಉಳಿದ ಹೊಲಕ್ಕೆ ಟ್ರ್ಯಾಕ್ಟರ್ ಇಳಿಯಿತು. ನಾಲ್ಕು ವರ್ಷದಿಂದ ಅವನ ಮಾತಿಗೆ ಕಿವಿಗೊಟ್ಟವರಿಲ್ಲ. ಅದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಅಂಥದ್ದರಲ್ಲಿ, ಕಾರ್ಖಾನೆಗೆ ಜಮೀನು ಕೊಟ್ಟಿದ್ದ ಅನಂತರಾಜು ಕಾರು ಕೊಳ್ಳಲು ಹೊರಟ. ಚೆಲುವಯ್ಯ ನೋಡಿ ಒಪ್ಪದ ಯಾವುದನ್ನೂ ಈ ಅಂಗಳದಲ್ಲಿ ಕಟ್ಟಿಲ್ಲ, ಇದನ್ನೂ ಕಟ್ಟಕೂಡದು ಎಂದು ಅನಂತರಾಜುವಿನ ತಾಯಿ ಸರಸಮ್ಮ ಹಟ ಹಿಡಿದಳು.

ಹೊಂಗೆ ಮರದಡಿ ಎರಡು ಕಾರು ನಿಂತವು. ಒಂದು, ಟೈ ಕಟ್ಟಿದ ಶೋರೂಮಿನವನು ತಂದ ಹೊಸ ಸೆಡಾನ್. ಇನ್ನೊಂದು ಇಸ್ಮತ್ ಸಾಬರು ಮಾರಲು ತಂದ ತಮ್ಮ ಹಳೇ ಅಂಬಾಸಿಡರ್. ಇಸ್ಮತ್ ಕೂಡ ಹಳೆಯ ದಲ್ಲಾಳಿಯೇ. ಸಂತೆಯಲ್ಲಿ ಇಬ್ಬರೂ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸಿದವರು. ಬಾಯಲ್ಲಿ ಎಷ್ಟು ಬೇಕಾದರೂ ಬುರುಡೆ ಬಿಡಬಹುದು, ಟವೆಲಿನೊಳಗೆ ಮಾತ್ರ ಸುಳ್ಳಿಲ್ಲ. ಅಲ್ಲಿ ಮುಷ್ಟಿ ಬಿಗಿದರೆ, ಮಾಲಿನಲ್ಲಿ ಐಬಿದೆ, ಮುಟ್ಟಬೇಡ ಎಂದರ್ಥ.

ಊರೆಲ್ಲ ಸೇರಿತ್ತು. ಚೆಲುವಯ್ಯ ಮೊದಲು ಮುಂದಿನ ಜಾಲರಿಗಳನ್ನು ಬಗ್ಗಿ ನೋಡಿದ. ಅಂಬಾಸಿಡರ್ ಬಾಯಿಗೂಡಿದೆ, ಹಲ್ಲೆಲ್ಲ ಬಂದು ಬಲಿತಿದೆ, ಸೆಡಾನಿಗಿನ್ನೂ ಹಾಲುಹಲ್ಲು ಎಂದ. ಆಮೇಲೆ ಎರಡರ ಬೆನ್ನನ್ನೂ ತಟ್ಟಿದ. ಅಂಬಾಸಿಡರ್ ಒಸಿ ತುಕ್ಕು ಉದುರಿಸಿ ಸುಮ್ಮನಾಯಿತು. ಸೆಡಾನ್ ಊರು ಕಿತ್ತುಹೋಗುವ ಹಾಗೆ ಕಿರುಚಿಕೊಂಡಿತು. ತಟ್ಟಿದರೆ ಅರಚುವುದು ಮಕ್ಕಳಿರುವ ಮನೆಗೆ ಆಗದು ಎಂದ. ರಸ್ತೆಯ ಉಬ್ಬಿನ ಮೇಲೆ ನಡೆಸಿ ನೋಡಿದಾಗ ಸೆಡಾನಿನ ಹೊಟ್ಟೆ ನೆಲಕ್ಕೆ ಉಜ್ಜಿತು. ಇದು ಗಬ್ಬವಾಗಿದೆ, ಈಗ ಗೇಯಿಸಿದರೆ ಪಾಪ ಬರುತ್ತದೆ ಎಂದು ತಳ್ಳಿಹಾಕಿದ. ಶೋರೂಮಿನವನು ಟೈ ಸಡಿಲಿಸಿಕೊಂಡ. ಜನ ತಲೆದೂಗುತ್ತಿದ್ದರು. ಚೆಲುವಯ್ಯನ ಎದೆ ಎರಡಂಗುಲ ಉಬ್ಬಿತ್ತು.

ಇನ್ನು ರೇಟು ಮುಗಿಸುವುದಷ್ಟೇ ಬಾಕಿ. ಚೆಲುವಯ್ಯ ಟವೆಲ್ ಮುಚ್ಚಿ ಇಸ್ಮತರ ಕೈ ಹಿಡಿದ. ಇಸ್ಮತ್ ಬಾಯಲ್ಲಿ ತನ್ನ ಕಾರನ್ನು ಹೊಗಳುತ್ತಲೇ ಇದ್ದರು. ಟವೆಲಿನೊಳಗೆ ಅವರ ಮುಷ್ಟಿ ಬಿಗಿದುಕೊಂಡಿತು.

ಚೆಲುವಯ್ಯ ಟವೆಲನ್ನು ಎಳೆದು ಹೆಗಲಿಗೆ ಹಾಕಿಕೊಂಡ. ನಿಜ ಹೇಳಿದರೆ ಗೆಳೆಯನ ಮಾನ ಹೋಗುತ್ತದೆ. ಹೇಳದಿದ್ದರೆ ಅನಂತರಾಜು ಮುಳುಗುತ್ತಾನೆ. ಮಾತು ತಿರುಗಿಸಿದರೆ ತನ್ನ ಹೆಸರೇ ಮಣ್ಣುಪಾಲು.

"ಹೊಸಾದ್ನೇ ಕಟ್ಕಳಪ್ಪ," ಎಂದ. "ಗಬ್ಬದ್ದು ಅಂದ್ನಲ್ಲ, ಒಂದ್ರ ದುಡ್ಗೆ ಎರಡು ಬತ್ತವೆ."

ಜನ ಬಿದ್ದು ಬಿದ್ದು ನಕ್ಕರು. ಮುದುಕನಿಗೆ ಅರಳುಮರಳು ಎಂದರು. ಸರಸಮ್ಮ ಒಬ್ಬಳೇ ಲಕ್ಷಣವಾಗಿ ತಲೆಯಾಡಿಸಿ, ಸೆಡಾನಿನ ಮುಂದೆ ಒಂದು ಬಕೆಟ್ ಹಿಂಡಿನೀರು ತಂದಿಟ್ಟಳು.

ಇಸ್ಮತ್ ಅವನನ್ನು ಅಂಬಾಸಿಡರಿನಲ್ಲೇ ಮನೆಗೆ ಕರೆದುಕೊಂಡು ಹೊರಟರು. ಕೆರೆ ಏರಿಯ ಮೇಲೆ ಅದು ಕೆಮ್ಮಿ ನಿಂತಿತು.

"ನನ್ನಿಂದ ನೀನು ಊರೋರ ಮುಂದೆ ನಗೆಪಾಟ್ಲಾದೆ ಕಣಯ್ಯ," ಎಂದರು ಇಸ್ಮತ್, ಮುಖ ಕೊಡದೆ.

"ಆಗ್ಲಿ ಬುಡಿ ಸಾಬ್ರೇ. ನಾಕ್ ವರ್ಸ ಆದ್ಮೇಲೆ ಒಬ್ರು ನನ್ ಕೈ ಹಿಡ್ದು ನಿಜ ಹೇಳುದ್ರಲ್ಲ."

ಹಾಗೆಂದು ಚೆಲುವಯ್ಯ ಕೆಳಗಿಳಿದು, ಟವೆಲನ್ನು ತಲೆಗೆ ಸುತ್ತಿಕೊಂಡು, ಕಾರನ್ನು ಹಿಂದಿನಿಂದ ತಳ್ಳತೊಡಗಿದ.