ಸಂಪಿಗೆ ಕೊಂಬೆಯ ಜಾಗದಲ್ಲಿ ಕರಿ ಡಬ್ಬಿ

ಚೂಡಾಮಣಿಯವರ ಸಿಟ್ಟಿಗೆ ಎನ್.ಆರ್. ಕಾಲೋನಿಯ ಆ ಅಡ್ಡರಸ್ತೆಯಲ್ಲಿ ಹೆದರದವರಿಲ್ಲ. ದೂರವಾಣಿ ಇಲಾಖೆಯ ದೂರು ವಿಭಾಗದಲ್ಲಿ ಮೂವತ್ತು ವರ್ಷ ಊರಿನವರಿಂದ ಬೈಸಿಕೊಂಡು, ನಿವೃತ್ತಿಯಾದ ಮೇಲೆ ಅದನ್ನೆಲ್ಲ ಊರಿಗೇ ವಾಪಸು ಕೊಡುತ್ತಿದ್ದಾರೆ ಎಂದು ಗಂಡ ವಾದಿರಾಜ ಬಂದವರೆದುರು ತಮಾಷೆ ಮಾಡುವುದುಂಟು. ಆದರೆ ಈ ವರ್ಷದ ಸಿಟ್ಟಿನ ಬಗ್ಗೆ ಅವರೂ ತಮಾಷೆ ಮಾಡಲಿಲ್ಲ. ಅದು ಸಂಪಿಗೆ ಮರದ ಸಿಟ್ಟು.

ಮರ ಇದ್ದದ್ದು ಫುಟ್‌ಪಾತಿನ ಮೇಲೆ, ಅವರ ಗೇಟಿಗೂ ಪಕ್ಕದ ಮನೆಯ ಬದರೀನಾರಾಯಣರ ಗೇಟಿಗೂ ನಡುವೆ. ಚೂಡಾಮಣಿ ಮದುವೆಯಾಗಿ ಬಂದ ವರ್ಷ ತಾವೇ ಗುಂಡಿ ತೋಡಿ ನೆಟ್ಟದ್ದು. ಮಕ್ಕಳಾಗಲಿಲ್ಲ, ಮರ ಮಾತ್ರ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟಿತು. ಬೀದಿಯ ಎಲ್ಲ ದೇವರ ಮನೆಗಳಿಗೂ ಅದರದೇ ಹೂವು. ಕಳೆದ ಕಾರ್ತಿಕದಲ್ಲಿ ಅವರು ಅಕ್ಕನ ಜೊತೆ ಮಂತ್ರಾಲಯಕ್ಕೆ ಹೋಗಿ ಬರುವಷ್ಟರಲ್ಲಿ ಅಲ್ಲಿ ಮೊಣಕಾಲೆತ್ತರದ ಬೊಡ್ಡೆ ಉಳಿದಿತ್ತು. ಕೈಚೀಲ ಬೀದಿಯಲ್ಲೇ ಬಿಟ್ಟು ಅದರ ಪಕ್ಕ ಕೂತುಬಿಟ್ಟರು.

"ನಾನು ಮಲಗಿದ್ದೆ ಕಣೇ. ಎದ್ದು ಬಂದು ನೋಡಿದ್ರೆ ಮರಾನೇ ಇಲ್ಲ," ಎಂದರು ವಾದಿರಾಜ.

"ಯಾರ್ರೀ ಕಡಿಸಿದ್ದು?"

ವಾದಿರಾಜ ಪಕ್ಕದ ಕಾಂಪೌಂಡಿನ ಕಡೆ ನೋಡಿದರು. "ಇನ್ಯಾರಿರ್ತಾರೆ?"

ನಂಬುವುದು ಕಷ್ಟವಾಗಲಿಲ್ಲ. ಕಾರಿನ ಮೇಲೆ ಕಂಬಳಿಹುಳ ಬೀಳುತ್ತದೆ, ಈ ಮರ ಹೋದರೆ ಸಾಕಪ್ಪ ಎಂದು ಬದರೀನಾರಾಯಣ ವರ್ಷಗಟ್ಟಲೆ ಗೊಣಗಿದ್ದವರೇ. ಅವರು ಬಂದು, "ರಾಯರಾಣೆಗೂ ನಾನಲ್ಲ ಚೂಡಾಮಣಿಯವರೇ," ಎಂದಾಗ ಈಕೆಯ ಮೈ ಉರಿದುಹೋಯಿತು. ನಾನು ರಾಯರ ದರ್ಶನಕ್ಕೆ ಹೋದಾಗಲೇ ಮರ ಕಡಿಸಿ, ರಾಯರ ಮೇಲೇ ಆಣೆ! ಇವನ ಮುಖಕ್ಕೆ ಮಸಿ ಬಳಿಯದಿದ್ದರೆ ನಾನು ಚೂಡಾಮಣಿಯೇ ಅಲ್ಲ ಎಂದುಕೊಂಡರು.

ಎಲ್ಲಿ ಹೊಡೆದರೆ ನೋಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ರಾಮನವಮಿಯ ದಿನ ಆ ಬೀದಿಯ ಪಾನಕದ ಕೊಳಗ ಇಡುವುದು ಬದರೀನಾರಾಯಣರ ಗೇಟಿನಲ್ಲಿ. ಅವರ ತಂದೆಯ ಕಾಲದಿಂದ ಬಂದ ಮರ್ಯಾದೆ ಅದು. ಮನೆಮನೆಯಿಂದ ಬೆಲ್ಲ, ಹೆಸರುಬೇಳೆ ಅಲ್ಲಿಗೇ ಬರಬೇಕು, ದಾರಿಹೋಕರು ಸಂಪಿಗೆಯ ನೆರಳಲ್ಲಿ ನಿಂತು ಕುಡಿಯಬೇಕು. ಶಿವರಾತ್ರಿ ಕಳೆದದ್ದೇ ತಡ, ಚೂಡಾಮಣಿ ಮಂಡಿನೋವನ್ನೂ ಲೆಕ್ಕಿಸದೆ ಮನೆಮನೆ ಹತ್ತಿ ಇಳಿದರು. "ಮರ ಕಡಿಸಿದೋರ ಗೇಟಲ್ಲಿ ನಿಂತ್ಕೊಂಡು ಪಾನಕ ಕುಡೀತೀರಾ?" ಎಂಬ ಒಂದೇ ಪ್ರಶ್ನೆ. ಈ ಸಲ ಕೊಳಗ ಎದುರು ಮನೆಯ ರಾಮಾಂಜಿನಪ್ಪನವರ ಗೇಟಿಗೆ ಎಂದು ತೀರ್ಮಾನವಾಯಿತು. ಮಹಡಿಯ ಮೇಲೆ ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟಿದ್ದ ರಾಮಾಂಜಿನಪ್ಪ ಹಿಗ್ಗಿ ಹೋದರು. ಬದರೀನಾರಾಯಣರ ಹೆಂಡತಿ ಮಾಧವಿ ಕಣ್ಣೀರು ಹಾಕಿಕೊಂಡು ಬಾಗಿಲಿಗೆ ಬಂದರೆ ಚೂಡಾಮಣಿ ಅವರ ಎದುರೇ ಬಾಗಿಲು ಹಾಕಿಕೊಂಡರು. ಹಾಕಿಕೊಂಡು ಒಳಗೆ ಹೋಗಿ ಬಿಸಿ ಕಾಫಿ ಕುಡಿದರು. ರುಚಿಯಾಗಿಯೇ ಇತ್ತು.

ಆ ಕರಿ ಡಬ್ಬಿಯನ್ನು ಮೊದಲು ತೋರಿಸಿದ್ದು ಹೂವಿನ ರುದ್ರಾಣಿ. ಮೊಳ ಹಾಕುತ್ತಿದ್ದವಳು ಕತ್ತೆತ್ತಿ, "ಅಮ್ಮಾ, ಅದೇನಮ್ಮಾ ಮೇಲೆ ನೇತಾಡ್ತಿರೋದು?" ಎಂದಳು. ಮರ ಹೋದ ಮೇಲೆ ಚೂಡಾಮಣಿ ಆ ಕಡೆ ತಲೆ ಎತ್ತಿಯೇ ಇರಲಿಲ್ಲ. ಅವತ್ತು ಎತ್ತಿದರು. ಎರಡು ಕಂಬಗಳ ನಡುವಿನ ತಂತಿಯಲ್ಲಿ, ಮರದ ದೊಡ್ಡ ಕೊಂಬೆ ಇದ್ದ ಜಾಗದಲ್ಲೇ, ಬೋರಲು ಹಾಕಿದ ಚೊಂಬಿನ ಹಾಗೆ ಏನೋ ತೂಗುತ್ತಿತ್ತು.

ಕ್ಯಾಮೆರಾ ಇರಬೇಕು ಎಂದಳು ರುದ್ರಾಣಿ. "ಕರೆಂಟ್ ಕದಿಯೋರನ್ನ ಹಿಡಿಯೋ ಮಿಷನ್ನು," ಎಂದರು ರಾಮಾಂಜಿನಪ್ಪ, ಸ್ವಲ್ಪ ಅಳುಕಿನಿಂದಲೇ. ಚೂಡಾಮಣಿಯವರಿಗೆ ಹೊಳೆದದ್ದು ಬೇರೆ. ಕೊಂಬೆ ಹೋದಲ್ಲೇ ಇದು ಬಂದಿದೆ ಎಂದರೆ ಇದಕ್ಕಾಗಿಯೇ ಮರ ಹೋದದ್ದು. ಇದು ಏನು, ಯಾರದು ಎಂದು ಗೊತ್ತಾದರೆ ಸಾಕು, ರಾಮನವಮಿಯ ದಿನ ಇಡೀ ಬೀದಿಯ ಎದುರು ಬದರೀನಾರಾಯಣನ ಬಾಯಿ ಮುಚ್ಚಿಸಬಹುದು.

ಗಂಡ ಕ್ರಿಕೆಟ್ ನೋಡಲು ಕೊಂಡಿದ್ದ ದುರ್ಬೀನು ತಂದು ದಿನವೂ ಗೇಟಿನಲ್ಲಿ ನಿಂತರು. ಕತ್ತು ಹಿಡಿದುಕೊಂಡದ್ದೇ ಬಂತು, ಗುರುತು ಸಿಗಲಿಲ್ಲ. ಜನ್ಮವೆಲ್ಲ ತಂತಿಗಳ ನಡುವೆ ಕಳೆದವಳಿಗೆ ತಂತಿಯ ಮೇಲಿನ ಒಂದು ಡಬ್ಬಿ ತಿಳಿಯಲಿಲ್ಲವಲ್ಲ ಎಂಬ ಅವಮಾನ ಬೇರೆ. "ಬಿಡೇ ಅತ್ಲಾಗೆ, ನಿನಗ್ಯಾಕೆ ಊರ ಉಸಾಬರಿ?" ಎನ್ನುತ್ತಿದ್ದರು ವಾದಿರಾಜ.

ಒಂದು ಬೆಳಿಗ್ಗೆ ಬೀದಿ ಮೂಲೆಯಲ್ಲಿ ನೀರಿನ ಪೈಪಿಗೆಂದು ರಸ್ತೆ ಅಗೆದಿದ್ದರು. ತರಕಾರಿಗೆ ಹೊರಟಿದ್ದ ಚೂಡಾಮಣಿ ಗುಂಡಿಯಲ್ಲಿ ಇಣುಕಿ ನೋಡಿ ಅಲ್ಲೇ ನಿಂತುಬಿಟ್ಟರು. ಮಣ್ಣು ಮೆತ್ತಿದ ಹಳೆಯ ಟೆಲಿಫೋನ್ ಕೇಬಲು, ಅದರ ಮೇಲೆ ಉಬ್ಬಿಕೊಂಡ ಜಾಯಿಂಟು. ಸತ್ತು ವರ್ಷಗಳಾಗಿದ್ದರೂ ಗುರುತು ಹತ್ತಿತು. ಮೇಲೆ ತೂಗುತ್ತಿರುವುದೂ ಇದರ ಜಾತಿಯದೇ! ಅವರ ಕಾಲದಲ್ಲಿ ಜಾಯಿಂಟು ಎಂದರೆ ನೆಲದಡಿ ಹೂತಿಡುವ ವಸ್ತು. ಅದನ್ನು ಯಾರಾದರೂ ಆಕಾಶಕ್ಕೆ ನೇತುಹಾಕಿಯಾರು ಎಂದು ಅವರಿಗೆ ಹೊಳೆದೇ ಇರಲಿಲ್ಲ. ದಪ್ಪ ಕೇಬಲು ಬಂದು ಸೇರುವುದು, ಅಲ್ಲಿಂದ ಮನೆಗಳಿಗೆ ಸಣ್ಣ ತಂತಿ ಕವಲೊಡೆಯುವುದು. ಇಂಟರ್ನೆಟ್ಟಿನ ಜಾಯಿಂಟು.

ಚೀಲವನ್ನು ಹಾಗೇ ಹಿಡಿದು ವಾಪಸು ಬಂದರು. ದೂರು ವಿಭಾಗದಲ್ಲಿ ಕಲಿತ ಪಾಠ ಒಂದೇ: ಯಾರು ಏನು ಹೇಳಿದರೂ ನಂಬಬಾರದು, ತಂತಿ ಹಿಡಿದುಕೊಂಡು ಹೋಗಬೇಕು. ದುರ್ಬೀನು ಕಣ್ಣಿಗಿಟ್ಟರು. ಡಬ್ಬಿಯ ಬುಡದಿಂದ ಹೊರಟ ಒಂದು ತಂತಿ ರಾಮಾಂಜಿನಪ್ಪನವರ ಮಹಡಿಗೆ ಹೋಯಿತು. ಇನ್ನೊಂದು ಮೂಲೆಯ ಬೇಕರಿಗೆ. ಮೂರನೆಯದು ಬದರೀನಾರಾಯಣರ ಮನೆಯ ಕಡೆ ಬಂದಾಗ ಸಿಕ್ಕಿಬಿದ್ದ ಎಂದುಕೊಂಡರು ಚೂಡಾಮಣಿ. ಅದು ಅಲ್ಲಿ ನಿಲ್ಲಲಿಲ್ಲ. ಮರ ಇದ್ದ ಖಾಲಿ ಜಾಗವನ್ನು ಹಾಯ್ದು, ಅವರ ತಲೆಯ ಮೇಲಿಂದಲೇ ಸಾಗಿ, ಅವರದೇ ಮನೆಯ ಮಹಡಿಯ ಕಿಟಕಿಯೊಳಗೆ ನುಗ್ಗಿತು. ವಾದಿರಾಜರ ಕೋಣೆಯ ಕಿಟಕಿ.

ಮಂಡಿನೋವು ಬಂದಾಗಿನಿಂದ ಅವರು ಮಹಡಿ ಹತ್ತಿರಲಿಲ್ಲ. ಈಗ ಗೋಡೆ ಹಿಡಿದು ಹತ್ತಿದರು. ಒಳಗೆ ಮ್ಯಾಚು ನಡೆಯುತ್ತಿತ್ತು. ಬೀರುವಿನ ಮೇಲೆ, ಹಳೆ ಪಂಚಾಂಗಗಳ ಹಿಂದೆ, ಹಸಿರು ದೀಪದ ಸಣ್ಣ ಪೆಟ್ಟಿಗೆ ಮಿಣಮಿಣ ಎನ್ನುತ್ತಿತ್ತು.

"ಮೊಬೈಲಲ್ಲೇ ಮ್ಯಾಚ್ ಬರುತ್ತೆ ಅಂತಿದ್ರಲ್ಲ?"

ವಾದಿರಾಜ ಟೀವಿಯ ಸದ್ದು ತಗ್ಗಿಸಿದರು. "ಕೇಬಲಿನವ್ರು ಬಂದಿದ್ರು ಕಣೇ. ಒಂದು ಕೊಂಬೆ ಅಡ್ಡ ಬರುತ್ತೆ, ಒಪ್ಪಿದ್ರೆ ನಿಮಗೆ ಫ್ರೀ ಅಂದ್ರು. ಒಂದು ಕೊಂಬೆ ತಾನೇ ಅಂತ ಹೂಂ ಅಂದೆ. ಅವರು ಬುಡಕ್ಕೇ ಕೊಡಲಿ ಹಾಕಿಬಿಟ್ರು."

"ಅದನ್ನ ಹೇಳಿದ್ರೆ ನಿಮ್ಮನ್ನ ನುಂಗ್ತಿದ್ನಾ? ಇಷ್ಟು ತಿಂಗಳು ಪಕ್ಕದವರ ಮೇಲೆ ನನ್ನನ್ನ ಛೂ ಬಿಟ್ಟು ಮೇಲೆ ಕೂತು ಮ್ಯಾಚ್ ನೋಡಿದ್ರಾ?"

ಚೂಡಾಮಣಿ ಮರ ಹೋದ ಮೇಲೂ ಅಭ್ಯಾಸಬಲದಿಂದ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಹೂವಿನ ಕತ್ತರಿ ತೆಗೆದು ಕಿಟಕಿಯ ಬಳಿ ತಂತಿಯನ್ನು ಕಚಕ್ಕನೆ ಕತ್ತರಿಸಿದರು. ಟೀವಿಯಲ್ಲಿ ಬ್ಯಾಟು ಎತ್ತಿದವನು ಎತ್ತಿದಂತೆಯೇ ನಿಂತ.

ಬನಿಯನ್-ಪಂಚೆಯಲ್ಲಿದ್ದ ಗಂಡನನ್ನು ಹಾಗೇ ಪಕ್ಕದ ಮನೆಗೆ ಕರೆದೊಯ್ದು, ಅವರ ಬಾಯಿಂದಲೇ ಎಲ್ಲ ಹೇಳಿಸಿದರು. ಆಮೇಲೆ ತಾವೂ ಕೈಮುಗಿದರು. ಬದರೀನಾರಾಯಣ, "ರಾಯರ ಆಣೆ ಹಾಕಿದ್ದೆ ನಾನು," ಎಂದರು. ಅಷ್ಟೇ. ಮಾಧವಿ ಒಳಗೆ ಬನ್ನಿ ಎನ್ನಲಿಲ್ಲ. ಇವರ ಮುಖ ನೋಡುತ್ತಲೇ ಬಾಗಿಲು ಹಾಕಿಕೊಂಡರು. ಚೂಡಾಮಣಿಯವರಿಗೆ ಕೋಪ ಬರಲಿಲ್ಲ. ಆಕೆಯ ಜಾಗದಲ್ಲಿದ್ದರೆ ತಾವೂ ಅದನ್ನೇ ಮಾಡುತ್ತಿದ್ದರು, ಮಾಡಿಯೂ ಇದ್ದರು.

ಮರುದಿನದಿಂದ ಅದೇ ಮೆಟ್ಟಿಲುಗಳನ್ನು ಮತ್ತೆ ಹತ್ತಿ ಇಳಿದರು. "ನಂದೇ ತಪ್ಪು. ಮರ ಕಡಿಸಿದ್ದು ನಮ್ಮನೆಯವರು," ಎಂದು ಪ್ರತಿ ಮನೆಯಲ್ಲೂ ಹೇಳಿದರು. ಪ್ರತಿ ಸಲ ಹೇಳುವಾಗಲೂ ಗಂಡನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದರು.

ರಾಮನವಮಿಯಂದು ಕೊಳಗ ಬದರೀನಾರಾಯಣರ ಗೇಟಿಗೇ ಬಂತು. ಸೌಟು ಹಿಡಿದು ನಿಂತವರು ವಾದಿರಾಜ. ಚೈತ್ರದ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ಶಾಮಿಯಾನ ಹಾಕಿಸೋಣ ಎಂದವರನ್ನು ಚೂಡಾಮಣಿ ಕಣ್ಣಲ್ಲೇ ಕೂರಿಸಿದ್ದರು.

"ಚೂಡಾ, ತಲೆ ಸುತ್ತುತ್ತೆ ಕಣೇ. ಒಂದು ಚೂರು ನೆರಳಲ್ಲಿ ನಿಂತ್ಕೊಳ್ತೀನಿ," ಎಂದರು ವಾದಿರಾಜ.

ಚೂಡಾಮಣಿ ಸುತ್ತ ನೋಡಿದರು. ಬೊಡ್ಡೆಯ ಪಕ್ಕ, ಸುಡುವ ರಸ್ತೆಯ ಮೇಲೆ, ಕರಿ ಡಬ್ಬಿಯ ನೆರಳು ಲೋಟದಷ್ಟು ಬಿದ್ದಿತ್ತು.

"ಅಗೋ, ಅಲ್ಲಿದೆ ನೋಡಿ ನೀವು ಬೆಳೆಸಿದ ನೆರಳು," ಎಂದರು. "ಹೋಗಿ ಅದರಲ್ಲಿ ನಿಂತ್ಕೊಳ್ಳಿ."

ವಾದಿರಾಜ ಅದನ್ನು ನೋಡಿದರು. ಮತ್ತೆ ಸೌಟು ಎತ್ತಿ, ಸಾಲಿನಲ್ಲಿದ್ದ ಮುಂದಿನವರ ಲೋಟಕ್ಕೆ ಪಾನಕ ಬಗ್ಗಿಸಿದರು.