ಮೂರನೆಯ ಬಟ್ಟಲಿನ ತೆಂಗು

ಕಾಫಿಯ ರುಚಿ ನೋಡುವ ಕೋಣೆಗೆ ಬೇರೆ ಯಾವ ವಾಸನೆಯನ್ನೂ ಹೊತ್ತು ಬರಬಾರದೆಂಬ ನಿಯಮ ಸರಿಯಾದದ್ದು. ಎದುರಾಳಿಯ ಮಾತಿನಲ್ಲಿ ನಿಜವಿರುವಷ್ಟನ್ನು ಒಪ್ಪಿಕೊಂಡ ಮೇಲೆಯೇ ಉಳಿದದ್ದನ್ನು ವಿರೋಧಿಸಬೇಕೆಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತವಳು ನಾನು. ಆದ್ದರಿಂದ ಇದನ್ನು ಮೊದಲೇ ಒಪ್ಪುತ್ತೇನೆ. ನನ್ನ ಸಿಟ್ಟು ನಿಯಮದ ಮೇಲಲ್ಲ. ಆಲ್ದೂರಿನ ಮಹಡಿಯ ಸಭಾಂಗಣದಲ್ಲಿ ಆ ನಿಯಮ ಯಾರ ತಲೆಯನ್ನು ಮೂಸಿತು, ಯಾರ ಅಂಗಿಯನ್ನು ಮೂಸದೆ ಬಿಟ್ಟಿತು ಎಂಬುದರ ಮೇಲೆ.

ನಮ್ಮ ಬೆಳೆಗಾರರ ಸಂಘ ಕಾಫಿ ಹುರಿಯುವ ಘಟಕವೊಂದನ್ನು ಆರಂಭಿಸಿತ್ತು. ಅಲ್ಲಿ ರುಚಿ ನೋಡಲು ಸಹಾಯಕರೊಬ್ಬರು ಬೇಕಾಗಿದ್ದರು. ಒಂದು ದಿನದ ತರಬೇತಿ ಇಟ್ಟು, ಅದಕ್ಕೆ ಬಂದವರಲ್ಲೇ ಒಬ್ಬರನ್ನು ಆರಿಸುವುದೆಂದು ತೀರ್ಮಾನವಾಗಿತ್ತು. ಜಾವಳಿಯ ನಮ್ಮ ಸಣ್ಣ ತೋಟವನ್ನು ಅಣ್ಣನ ಜೊತೆ ಹೆಗಲಿಗೆ ಹೆಗಲು ಕೊಟ್ಟು ನಡೆಸಿದ ಅತ್ತಿಗೆಗೆ ಆ ಕೆಲಸ ಬೇಕಿತ್ತು. ಕಣದಲ್ಲಿ ಬೆನ್ನು ಬಗ್ಗಿಸಿ ದುಡಿದ ಅಷ್ಟು ವರ್ಷಗಳಲ್ಲಿ ತನ್ನದು ಎನ್ನಬಹುದಾದ ಸಂಬಳವನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ನಾಲಿಗೆ ಕೆಡಬಾರದೆಂದು ಹೆಸರು ಕೊಟ್ಟ ದಿನದಿಂದ ಹಸಿಮೆಣಸು ಬಿಟ್ಟರು, ಎಲೆಯಡಿಕೆ ಬಿಟ್ಟರು. ತರಬೇತಿಯ ಹಿಂದಿನ ದಿನ ಸೀಗೆಪುಡಿ ಹಾಕಿ ತಲೆಯನ್ನು ಉಜ್ಜಿ ಉಜ್ಜಿ ತೊಳೆದರು. ಆದರೆ ಹುಟ್ಟಿದಂದಿನಿಂದ ಕೊಬ್ಬರಿ ಎಣ್ಣೆ ಕುಡಿದ ಕೂದಲು ಒಂದು ಸ್ನಾನಕ್ಕೆ ಅದನ್ನು ಬಿಟ್ಟುಕೊಡುವುದಿಲ್ಲ.

ಸಂಘದ ಸದಸ್ಯಳಾಗಿ ನಾನೂ ಜೊತೆಗೆ ಹೋಗಿದ್ದೆ. ಸಭಾಂಗಣದ ಮೇಜಿನ ಮೇಲೆ ಬೇರೆ ಬೇರೆ ತೋಟಗಳ ಕಾಫಿಪುಡಿ ತುಂಬಿದ ಬಟ್ಟಲುಗಳನ್ನು ಸಾಲಾಗಿ ಇಟ್ಟಿದ್ದರು. ನಗರದಿಂದ ಬಂದಿದ್ದ ತರಬೇತುದಾರರು ಎಲ್ಲರನ್ನೂ ದಾಟಿಕೊಂಡು ಹೋಗಿ ಅತ್ತಿಗೆಯ ಹಿಂದೆ ನಿಂತರು.

“ಅಮ್ಮಾ, ಹೇರ್ ಆಯಿಲ್ ಹಾಕಿದೀರಾ?”

“ಇಲ್ಲ ಸಾರ್. ನಿನ್ನೆ ತಲೆ ತೊಳ್ಕಂಡೆ.”

“ಸ್ಮೆಲ್ ಬರ್ತಿದೆ. ನೀವು ವರಾಂಡದಲ್ಲಿ ಕೂತು ನೋಡಿ, ಪರವಾಗಿಲ್ಲ.”

ಅತ್ತಿಗೆ ಎದ್ದರು. ತರಬೇತುದಾರರು ತಿರುಗಿ ಮೇಜಿನ ಕಡೆ ನಡೆದಾಗ ಗಾಳಿಯಲ್ಲಿ ದಟ್ಟವಾದ ತೆಂಗಿನ ಪರಿಮಳವೊಂದು ಹಾದುಹೋಯಿತು. ಅದು ಅತ್ತಿಗೆಯ ಜಡೆಯದ್ದಲ್ಲ, ಅವರದೇ ಕಾಲರಿನದು. ಸೀಸೆಗಳಲ್ಲಿ ತೆಂಗು ಎಂದು ಮಾರುವ ಇಂಥ ಪರಿಮಳದಲ್ಲಿ ಬಹುಮಟ್ಟಿಗೆ ತೆಂಗಿನಕಾಯಿಯೇ ಇರುವುದಿಲ್ಲ. ಕೆನೆಯಂಥ ಸಿಹಿ ವಾಸನೆಯನ್ನು ಪ್ರಯೋಗಾಲಯದಲ್ಲಿ ಕಟ್ಟಿ, ವೆನಿಲ್ಲಾ ಬೆರೆಸಿ, ಕಡಲತೀರದ ರಜೆಯ ನೆನಪೆಂದು ಮಾರುತ್ತಾರೆ. ಕೊಬ್ಬರಿಯಿಂದ ಹಿಂಡಿದ್ದು ಹೆಂಗಸಿನ ತಲೆಯಲ್ಲಿದ್ದರೆ ಅಶಿಸ್ತು. ಅದರ ಅನುಕರಣೆ ಗಂಡಸಿನ ಕಾಲರಿನಲ್ಲಿದ್ದರೆ ಅಭಿರುಚಿ.

ನಾನು ಎದ್ದು ನಿಂತೆ. “ಸಾರ್, ನೀವೂ ಸೆಂಟ್ ಹಾಕಿದೀರಿ. ಅದೂ ತೆಂಗಿನದೇ.”

“ಇದು ಆಯಿಲ್ ಅಲ್ಲ ಮೇಡಂ, ಪರ್‌ಫ್ಯೂಮ್. ತುಂಬಾ ಲೈಟ್.”

“ನಿಯಮದಲ್ಲಿ ವಾಸನೆ ಅಂತಿದೆ. ಲೈಟು, ಹೆವಿ ಅಂತಿಲ್ಲ.”

ಹಿಂದಿನ ಸಾಲಿನಿಂದ ಹಿರಿಯ ಬೆಳೆಗಾರರೊಬ್ಬರು, “ಕೂತ್ಕ ಮಾರಾಯ್ತಿ, ಇದೇನು ನಿನ್ನ ಕಾಲೇಜಾ? ನೀರು ತಣ್ಣಗಾಗ್ತದೆ,” ಎಂದರು. ಸಭೆ ನಕ್ಕಿತು. ಬಾಗಿಲ ಹತ್ತಿರ ನಿಂತಿದ್ದ ಅತ್ತಿಗೆ, ತೋಟದಲ್ಲಿ ಹಣ್ಣು ಕೊಯ್ಯುವಾಗ ಕಟ್ಟುವ ಬಟ್ಟೆಯನ್ನು ಚೀಲದಿಂದ ತೆಗೆದು ತಲೆಗೆ ಬಿಗಿಯಾಗಿ ಸುತ್ತಿಕೊಂಡರು.

“ನಾನು ಕಟ್ಕಂಡೆ ಸಾರ್. ನೀವು ಅಂಗಿ ಬದಲಾಯಿಸ್ಕಂಡು ಬನ್ನಿ, ಒಟ್ಟಿಗೆ ಶುರು ಮಾಡಾಣ.”

ಈ ಸಲ ಯಾರೂ ನಗಲಿಲ್ಲ. ಸಂಘದ ಅಧ್ಯಕ್ಷರು ಓಡಿಬಂದು, ಅತಿಥಿಗಳಿಗೆ ಹಾಗೆಲ್ಲ ಅನ್ನಬಾರದೆಂದು ಅತ್ತಿಗೆಯನ್ನು ವರಾಂಡಕ್ಕೆ ಕರೆದೊಯ್ದು, ಕುರ್ಚಿ ಹಾಕಿಸಿ, ಬಾಗಿಲನ್ನು ಮುಚ್ಚಿಸಿದರು. ಅತ್ತಿಗೆಯ ಜೊತೆ ನಾನೂ ಹೊರಗೆ ಹೋಗಬಹುದಿತ್ತು. ಆಕ್ಷೇಪಣೆ ಎತ್ತಿದವರು ಸಭೆಯಲ್ಲೇ ಇರಬೇಕೆಂದು ಕೂತೆ.

ಕಾಫಿಪುಡಿಯ ಮೇಲೆ ಬಿಸಿನೀರು ಸುರಿದರು. ತರಬೇತುದಾರರು ಮೂರನೆಯ ಬಟ್ಟಲಿನ ಮೇಲೆ ಬಗ್ಗಿ, ಚಮಚದಿಂದ ನೊರೆಯನ್ನು ಒಡೆದು ತೋರಿಸುತ್ತ ಅಲ್ಲೇ ನಿಂತುಬಿಟ್ಟರು. ಒಬ್ಬೊಬ್ಬರೂ ಬಂದು ಅವರ ತೋಳಿನ ಪಕ್ಕದಲ್ಲೇ ಮೂಗು ಇಟ್ಟು, ಸೊರ್ರೆಂದು ಹೀರಿ, ತಮಗೆ ತೋಚಿದ್ದನ್ನು ಹೇಳಬೇಕಿತ್ತು. ಮೊದಲನೆಯವರು ಹಿಂಜರಿಯುತ್ತ, “ತೆಂಗಿನಕಾಯಿ ತರ?” ಎಂದರು. ಎರಡನೆಯವರು ಅದನ್ನೇ ಹೇಳಿದರು. ಮೂರನೆಯ ಯುವಕ, “ಹೌದು ಸಾರ್, ಹಸಿ ತೆಂಗಿನತುರಿ,” ಎಂದು ಖಚಿತವಾಗಿ ನುಡಿದ.

“ಎಕ್ಸಲೆಂಟ್,” ಎಂದರು ತರಬೇತುದಾರರು. “ಟ್ರಾಪಿಕಲ್ ಫ್ಲೇವರ್ ನೋಟ್. ತುಂಬಾ ರೇರ್.”

ಆ ಕಾಫಿಯ ಮಾಲೀಕರು ಹಿಗ್ಗಿದರು. “ಎಂಥ ಆಶ್ಚರ್ಯ ನೋಡಿ, ನಮ್ಮ ತೋಟದಲ್ಲಿ ಒಂದು ತೆಂಗಿನ ಮರವೂ ಇಲ್ಲ.”

ನಾನು ಮತ್ತೆ ಎದ್ದೆ. ತೆಂಗು ಬಟ್ಟಲಿನಲ್ಲಿಲ್ಲ, ಬಟ್ಟಲಿನ ಮೇಲೆ ಬಗ್ಗಿದವರ ಅಂಗಿಯಲ್ಲಿದೆ. ಅವರು ದೂರ ನಿಂತು ಇನ್ನೊಮ್ಮೆ ಪರೀಕ್ಷಿಸಲಿ ಎಂದೆ. ತರಬೇತುದಾರರು ಒಂದು ಕ್ಷಣ ಕಾಲರನ್ನು ಮುಟ್ಟಿಕೊಂಡರು. ನಂತರ ಅಧ್ಯಕ್ಷರ ಕಡೆ ತಿರುಗಿ ಮೃದುವಾಗಿ ಹೇಳಿದರು: “ಆ ಅಮ್ಮ ಕೂತಿದ್ದ ಜಾಗದ ಸ್ಮೆಲ್ ಇನ್ನೂ ಹೋಗಿಲ್ಲ ಅನ್ಸುತ್ತೆ. ಕಿಟಕಿ ತೆಗೆಸಿ.”

ಮುಚ್ಚಿದ ಬಾಗಿಲಿನ ಆಚೆ ತಲೆಗೆ ಬಟ್ಟೆ ಕಟ್ಟಿ ಕೂತಿದ್ದ ಹೆಂಗಸೇ ಅಪರಾಧಿಯಾದರು. ಕಿಟಕಿ ತೆಗೆಯಲು ಜನ ಎದ್ದರು. ಅವರಲ್ಲಿ ನಮ್ಮ ನೆರೆಯವರೂ ಇದ್ದರು.

ಸಂಜೆ ಮೆಟ್ಟಿಲಿನ ಬಳಿ ಅಧ್ಯಕ್ಷರು, “ಮುಂದಿನ ಸಲ ನೋಡಾಣ ಬಿಡಿ ಅಮ್ಮಾ, ಶಾಂಪೂ ಹಾಕ್ಕಂಡು ಬನ್ನಿ,” ಎಂದರು.

“ಮುಂದಿನ ಸಲಕ್ಕೆ ಆ ಕೆಲಸ ಇರ್ತದಾ?” ಎಂದು ಅತ್ತಿಗೆ ಕೇಳಿದರು.

ಕೆಲಸ ಹಸಿ ತೆಂಗಿನತುರಿ ಎಂದವನಿಗೆ ಹೋಯಿತು. ಅದೇ ಕಾಫಿಯ ಪೊಟ್ಟಣದ ಮೇಲೆ ಈಗ ತೆಂಗಿನ ಸುವಾಸನೆಯೆಂದು ಅಚ್ಚಾಗಿದೆ. ಸಂಘದ ಪ್ರತಿ ಸಭೆಯಲ್ಲೂ ನಾನು ಈ ವಿಷಯ ಎತ್ತುತ್ತೇನೆ. ಮತ್ತೆ ಹೇರ್ ಆಯಿಲ್ ಪುರಾಣ ಶುರುವಾಯಿತೆಂದು ಗೊಣಗಿ ಮುಂದೂಡುತ್ತಾರೆ.

ಮೊನ್ನೆ ಆ ಯುವಕ ನಮ್ಮ ತೋಟದ ಬೀಜದ ಮಾದರಿ ಒಯ್ಯಲು ಮನೆಗೆ ಬಂದಿದ್ದ. ಒಳ್ಳೆಯ ಹುಡುಗ, ಅವನದೇನೂ ತಪ್ಪಿಲ್ಲ. ಅತ್ತಿಗೆ ಅವನಿಗೆ ಕಾಫಿ ಕೊಟ್ಟು, ಯಾವಾಗ ರುಚಿ ನೋಡುತ್ತಾರೆ, ಯಾರು ಯಾರು ಇರುತ್ತಾರೆ ಎಂದು ಒಂದೊಂದಾಗಿ ವಿಚಾರಿಸಿದರು. ಅವನ ಕೈಯಲ್ಲಿದ್ದ ಮಾದರಿಯ ಚೀಲ ತಿರುವಿನಲ್ಲಿ ಮರೆಯಾಗುವವರೆಗೂ ಗೇಟಿನ ಬಳಿಯೇ ನಿಂತಿದ್ದರು. ಅವರಷ್ಟು ಸೌಜನ್ಯ ನನ್ನಿಂದಾಗಲಿಲ್ಲ. ಕಿಟಕಿಯಿಂದ ನೋಡಿದೆನೇ ಹೊರತು ನಾನು ಹೊರಗೆ ಬರಲಿಲ್ಲ.